ದೆಹಲಿಗೆ ಸಂಗೀತ ಕಛೇರಿಗೆ ಹೊರಡುವ ವಿದ್ಯಾರ್ಥಿ ತಂಡಗಳಿಗೆ

ದಾವಣಗೆರೆಯಿಂದ ಸಂಗೀತ ವಿದ್ಯಾರ್ಥಿಗಳನ್ನು ದೆಹಲಿಯ ಉತ್ಸವಗಳಿಗೆ ಕರೆದೊಯ್ಯುವ ಗುರುಗಳೂ ಪೋಷಕರೂ ಊರು ನೋಡುವುದನ್ನು ಕಛೇರಿ ಮುಗಿದ ಮೇಲೆಯೇ ಇಟ್ಟುಕೊಳ್ಳುವುದು ಒಳಿತು. ದಿನವಿಡೀ ಹೊಗೆ ಧೂಳಿನಲ್ಲಿ ಸುತ್ತಿದ ಮಕ್ಕಳ ಕಂಠವು ಸಂಜೆ ತಾರಸ್ಥಾಯಿಯ ಎತ್ತರದ ಸ್ವರಗಳಿಗೆ ಏರುವುದು ಕಷ್ಟ. ಡಿಸೆಂಬರ್, ಜನವರಿಯ ಚಳಿಯಲ್ಲಿ ತಬಲಾದ ಚರ್ಮವಾಗಲಿ ತಂಬೂರಿಯ ತಂತಿಯಾಗಲಿ ನಮ್ಮೂರಿನಲ್ಲಿ ಕೂಡಿಸಿದ ಶ್ರುತಿಯಲ್ಲಿ ನಿಲ್ಲುವುದಿಲ್ಲವಾದ್ದರಿಂದ, ವಾದ್ಯಗಳನ್ನು ಒಂದು ಗಂಟೆಯಾದರೂ ಮುಂಚೆ ವೇದಿಕೆಯ ಬಳಿ ಗವಸು ತೆಗೆದಿಟ್ಟು, ಅಲ್ಲಿನ ಹವೆಗೆ ಹೊಂದಿಕೊಂಡ ಮೇಲೆ ಹಾರ್ಮೋನಿಯಂನ ಸ್ವರಕ್ಕೆ ಕೂಡಿಸಿಕೊಳ್ಳಬೇಕು. ತಬಲಾದ ಸುತ್ತಿಗೆ, ಬಿಡಿ ತಂತಿಗಳು ರೈಲಿನ ಸೀಟಿನಡಿಯ ಪೆಟ್ಟಿಗೆಯಲ್ಲಿ ಸೇರಿಹೋಗದೆ ಗುರುಗಳ ಕೈಚೀಲದಲ್ಲೇ ಇರಲಿ.

ಕೆಂಪುಕೋಟೆಯೂ ರಾಷ್ಟ್ರೀಯ ವಸ್ತುಸಂಗ್ರಹಾಲಯವೂ ಸೋಮವಾರ ಮುಚ್ಚಿರುತ್ತವೆ. ಆ ದಿನಕ್ಕೆ ಕುತುಬ್ ಮಿನಾರ್ ಇಟ್ಟುಕೊಳ್ಳಬಹುದು. ಆಗ್ರಾವನ್ನೂ ಸೇರಿಸುವವರು ತಾಜ್ ಮಹಲಿಗೆ ಶುಕ್ರವಾರ ರಜೆಯೆಂಬುದನ್ನು ಗಮನಿಸಬೇಕು. ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ 15 ವರ್ಷದೊಳಗಿನವರ ಪ್ರವೇಶ ಉಚಿತವಾಗಿರುವುದರಿಂದ ಮಕ್ಕಳ ವಯಸ್ಸಿನ ದಾಖಲೆ ಜೊತೆಗಿರಲಿ. ಇಂಡಿಯಾ ಗೇಟಿನ ಮುಂದೆ ಫೋಟೋ ಹೇಗೂ ಆಗುತ್ತದೆ. ಸಂಗೀತ ಕಲಿಯುವ ಮಕ್ಕಳಿಗೆ ಮಂಡಿ ಹೌಸ್ ಬಳಿಯ ರವೀಂದ್ರ ಭವನದಲ್ಲಿರುವ ಸಂಗೀತ ನಾಟಕ ಅಕಾಡೆಮಿಯ ವಾದ್ಯ ಸಂಗ್ರಹವೇ ಹೆಚ್ಚು ಪ್ರಯೋಜನಕಾರಿ ಎಂಬುದು ನನ್ನ ಅಭಿಪ್ರಾಯ. ಅಲ್ಲಿಗೆ ಹೊರಡುವ ಮೊದಲು ಅಕಾಡೆಮಿಯ ಕಚೇರಿಗೆ ಕರೆ ಮಾಡಿ ಸಮಯ ವಿಚಾರಿಸಿಕೊಳ್ಳಿ.