ಮೂರು ಮಕ್ಕಳು, ಒಬ್ಬಳೇ ಅಮ್ಮ: ನಮ್ಮನೆಯ ಪಾಲಿನ ಲೆಕ್ಕ

ನಮ್ಮದು ತಿಪಟೂರು. ನಮ್ಮನೆಯವರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ, ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ದೊಡ್ಡವಳಿಗೆ ಎಂಟು ವರ್ಷ, ನಡುವಿನ ಮಗನಿಗೆ ಮೂರೂವರೆ, ಚಿಕ್ಕವಳಿಗೆ ಒಂದೂವರೆ. ಮೂರು ಮಕ್ಕಳಿಗೆ ದುಡ್ಡು, ಊಟ, ಬಟ್ಟೆ ಹಂಚೋದು ನನಗೇನೂ ಕಷ್ಟ ಅನ್ನಿಸಿಲ್ಲ. ಗಂಡ ಹೆಂಡತಿ ಒಮ್ಮೆ ಕೂತು ಮಾತಾಡಿಕೊಂಡರೆ ಮುಗಿಯಿತು. ಕಷ್ಟ ಆಗಿದ್ದು ನನ್ನನ್ನೇ ಹಂಚಿಕೊಳ್ಳೋದು.

ಮಗ ಹುಟ್ಟಿದಾಗ ಬಲಗಾಲಿನ ಪಾದ ಒಳಕ್ಕೆ ತಿರುಗಿಕೊಂಡಿತ್ತು. ಕ್ಲಬ್ ಫುಟ್ ಅಂದರು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇದಕ್ಕೆ ಚಿಕಿತ್ಸೆ ಉಚಿತ, ಹಾಗಾಗಿ ತುಮಕೂರಿಗೆ ಹೋದೆವು. ಪೊನ್ಸೆಟಿ ಅನ್ನುವ ವಿಧಾನ ಅದು. ವಾರಕ್ಕೊಮ್ಮೆ ಪಾದವನ್ನು ಕೈಯಲ್ಲೇ ಸ್ವಲ್ಪ ಸ್ವಲ್ಪ ಹೊರಕ್ಕೆ ತಿರುಗಿಸಿ, ತೊಡೆಯವರೆಗೂ ಪ್ಲಾಸ್ಟರ್ ಹಾಕುತ್ತಾರೆ. ಕೊನೆಯಲ್ಲಿ ಹಿಮ್ಮಡಿ ಹತ್ತಿರ ಬಿಗಿಯಾಗಿರುವ ಸ್ನಾಯುರಜ್ಜನ್ನು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಕತ್ತರಿಸಿ ಮತ್ತೊಂದು ಪ್ಲಾಸ್ಟರ್. ಆಮೇಲೆ ಬ್ರೇಸ್. ಎರಡು ಬೂಟು, ನಡುವೆ ಒಂದು ಸರಳು. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಾಲ್ಕೈದು ವರ್ಷ ತುಂಬುವವರೆಗೂ ಮಲಗುವಾಗ ಹಾಕಲೇಬೇಕು. ಬಿಟ್ಟರೆ ಪಾದ ಮತ್ತೆ ತಿರುಗುತ್ತದೆ.

ಚಿಕಿತ್ಸೆಗೆ ದುಡ್ಡು ಖರ್ಚಾಗಲಿಲ್ಲ. ಖರ್ಚಾಗಿದ್ದು ನಾನು. ಇಲ್ಲಿಂದ ತುಮಕೂರು ಸುಮಾರು 70 ಕಿಲೋಮೀಟರ್. ಬೆಳಗ್ಗೆ ರೈಲು ಹತ್ತಿದರೆ ಸಂಜೆ ಮನೆ. ಅವತ್ತು ಹೊಲಿಗೆ ಇಲ್ಲ, ದೊಡ್ಡವಳ ಜಡೆ ಅತ್ತೆ ಕೈಯಲ್ಲಿ. ಒಂದು ರಾತ್ರಿ ಅವಳು ಕೇಳಿದಳು: "ಅಮ್ಮ, ನನಗೂ ಕಾಲು ಸರಿ ಇಲ್ಲ ಅಂದ್ರೆ, ನನ್ನ ಜೊತೆ ಒಬ್ಬಳೇ ರೈಲಲ್ಲಿ ಬರ್ತೀಯಾ?"

ಅಳುವ ಮಗು ತನ್ನ ಪಾಲನ್ನು ಎಳೆದುಕೊಳ್ಳುತ್ತದೆ. ಕಾಯಿಲೆಯ ಮಗುವಿಗೆ ಡಾಕ್ಟರೇ ಪಾಲು ಬರೆದುಕೊಡುತ್ತಾರೆ. ಸುಮ್ನೆ ಇರುವ ಮಗುವಿಗೆ? ಯಾರಾದರೂ ಎತ್ತಿಡಬೇಕು. ನಾವು ಎತ್ತಿಟ್ಟಿದ್ದು ಸಂಜೆಯ ಜಡೆ ಹೊತ್ತನ್ನು. ತಲೆಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಎರಡು ಜಡೆ ಹಾಕುವಷ್ಟು ಸಮಯ. ಆ ಹೊತ್ತಿನಲ್ಲಿ ಮಗ ಅತ್ತರೂ ನಾನು ಏಳಲ್ಲ. ನಮ್ಮನೆಯವರು ಅವನನ್ನೂ ಪಾಪುವನ್ನೂ ಕರೆದುಕೊಂಡು ಜಗಲಿಯಲ್ಲಿ ಕೂರುತ್ತಾರೆ. ಬ್ಲೌಸ್ ತೊಗೊಳ್ಳೋಕೆ ಬಂದವರೂ ಕಾಯುತ್ತಾರೆ. ಮೊದಮೊದಲು ಅತ್ತೆಗೆ ಇದು ವಿಚಿತ್ರ ಅನ್ನಿಸಿತು, "ಕೂಸು ಅಳ್ತಾ ಇದ್ರೆ ಜಡೆ ಮುಖ್ಯನಾ" ಅಂದರು. ದೊಡ್ಡವಳು ಶಾಲೆಯ ಸುದ್ದಿಯೆಲ್ಲ ಹೇಳೋದು ಆಗಲೇ. ಮುಖ ಕಾಣಲ್ಲವಲ್ಲ, ಅದಕ್ಕೇ ಇರಬೇಕು.

ಇನ್ನೊಂದು ಮಾತನ್ನು ಮನೆಯಲ್ಲಿ ನಿಲ್ಲಿಸಿದೆವು: "ನೀನು ದೊಡ್ಡವಳು, ಬಿಟ್ಟುಕೊಡು." ಸಹಾಯ ಮಾಡು ಅಂತೀವಿ, ಪಾಪು ಹತ್ತಿರ ಸ್ವಲ್ಪ ಕೂತಿರು ಅಂತೀವಿ. ಆದರೆ ಅವಳದ್ದನ್ನು ಕಿತ್ತು ಕೊಡೋಕೆ ವಯಸ್ಸು ಕಾರಣ ಅಲ್ಲ.

ಊಟದಲ್ಲಿ ನಮ್ಮದು ಒಂದೇ ನಿಯಮ. ಶಾಲೆಯಲ್ಲಿ, ಅಂಗನವಾಡಿಯಲ್ಲಿ ತಿಂದದ್ದು ಮನೆಯ ಲೆಕ್ಕಕ್ಕೆ ಬರಲ್ಲ. ದೊಡ್ಡವಳಿಗೆ ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲು ಸಿಗುತ್ತದೆ, ಬಿಸಿಯೂಟದ ಜೊತೆ ಮೊಟ್ಟೆ ಸಿಗುತ್ತದೆ. "ಅವಳಿಗೆ ಅಲ್ಲೇ ಆಯ್ತಲ್ಲ, ಮನೆ ಮೊಟ್ಟೆ ಇವನಿಗಿರಲಿ" ಅನ್ನೋದು ಸುಲಭ. ಹಾಗೆ ಮಾಡಿದರೆ ಸರ್ಕಾರ ಕೊಟ್ಟಿದ್ದನ್ನು ನಾವು ಹಿಂದಿನ ಬಾಗಿಲಲ್ಲಿ ಕಿತ್ತುಕೊಂಡ ಹಾಗೆ ಅಲ್ವಾ? ಚಿಕ್ಕವಳು ಇನ್ನೂ ಎದೆಹಾಲು ಕುಡಿಯುತ್ತಾಳೆ, ಎರಡು ವರ್ಷದವರೆಗೂ ಕೊಡಿ ಅಂತ ಆಶಾ ಕಾರ್ಯಕರ್ತೆ ಹೇಳಿದ್ದಾರೆ. ಅವಳಿಗೂ ಮುದ್ದೆ, ಸಾರು, ಮೊಟ್ಟೆ ಇವರಿಬ್ಬರ ಜೊತೆಗೇ.

ಬಟ್ಟೆಯ ಪಂಚಾಯ್ತಿ ಬೇರೆ ಥರ. ಅಕ್ಕನ ಫ್ರಾಕು ತಂಗಿಗೆ ಬರುತ್ತದೆ, ನಡುವೆ ಇರುವ ಹುಡುಗನಿಗೆ ಮಾತ್ರ ಯಾವಾಗಲೂ ಹೊಸದು. ಅದಕ್ಕೆ ಯುಗಾದಿಗೆ ಚಿಕ್ಕವಳಿಗೂ ಹೊಸ ಬಟ್ಟೆ ಹೊಲಿಯುತ್ತೇನೆ. ಮಿಕ್ಕ ದಿನ ಅಕ್ಕನದ್ದೇ. ಶಾಲೆಯೂ ಮೂವರಿಗೂ ಒಂದೇ. ಹುಡುಗನನ್ನು ಕಾನ್ವೆಂಟಿಗೆ, ಹುಡುಗಿಯರನ್ನು ಸರ್ಕಾರಿ ಶಾಲೆಗೆ ಕಳಿಸುವ ಮನೆಗಳು ನಮ್ಮ ಬೀದಿಯಲ್ಲೇ ಇವೆ. ಆ ದಾರಿ ಬೇಡ ಅಂತ ಮೊದಲೇ ಅಂದುಕೊಂಡಿದ್ದೆವು.

ಉಳಿತಾಯದಲ್ಲಿ ಒಂದು ತಮಾಷೆ ಆಯಿತು. ಹೆಣ್ಣುಮಕ್ಕಳಿಬ್ಬರಿಗೂ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ಮಾಡಿಸಿದೆವು. ವರ್ಷಕ್ಕೆ 250 ರೂಪಾಯಿ ಕಟ್ಟಿದರೂ ಖಾತೆ ಬದುಕಿರುತ್ತದೆ, ಕೈ ಬಿಗಿಯಾದ ವರ್ಷಕ್ಕೆ ಅದು ಅನುಕೂಲ. ಮಗನಿಗೆ ಆ ಯೋಜನೆ ಇಲ್ಲ, ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆ ಮಾಡಿಸಿದೆವು. ಮೂವರಿಗೂ ಒಂದೇ ಮೊತ್ತ ಕಟ್ಟುತ್ತೇವೆ. ಆದರೆ 2024ರಲ್ಲಿ ಸುಕನ್ಯಾ ಬಡ್ಡಿ ಶೇ 8.2, ಪಿಪಿಎಫ್ ಬಡ್ಡಿ ಶೇ 7.1! ಗೊತ್ತಾದಾಗ ಅತ್ತೆ, "ಗಂಡುಮಗನಿಗೇ ಕಮ್ಮಿನಾ?" ಅಂತ ಮುನಿಸಿಕೊಂಡರು. ತೋಟದಲ್ಲಿ ಅವನಿಗೇ ಪಾಲು ಅನ್ನೋದು ಅವರ ಸಮಾಧಾನ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರಲ್ಲೇ ಕಾನೂನು ತಿದ್ದುಪಡಿ ಆಗಿದೆ ಅಂದರು ನಮ್ಮನೆಯವರು. ಅತ್ತೆಗೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಅವತ್ತು ಆ ಮಾತು ಅಲ್ಲಿಗೇ ನಿಂತಿತು.

ಬಡ್ಡಿಯ ವ್ಯತ್ಯಾಸ ಸರಿಮಾಡೋಕೆ ನಾವು ಹೋಗಿಲ್ಲ. ಅಪ್ಪನ ರಜೆ, ನನ್ನ ಕೆಲಸ, ರೈಲಿನ ದಿನಗಳು, ಎಲ್ಲ ಸೇರಿಸಿದರೆ ಮಗನಿಗೆ ಹೋಗಿರುವುದೇ ಜಾಸ್ತಿ. ಅದನ್ನು ಅವನ ಲೆಕ್ಕಕ್ಕೆ ಬರೆಯೋದೂ ಇಲ್ಲ, ಕಾಲು ಸರಿಮಾಡಿಸೋದು ಪಾಲು ಅಲ್ಲ.

ಈಗ ಅವನು ಓಡುತ್ತಾನೆ. ಬ್ರೇಸ್ ರಾತ್ರಿ ಮಾತ್ರ, ಹಾಕುವಾಗಿನ ಜಗಳ ಇನ್ನೂ ಇದೆ, ಹಾಡು ಹೇಳಿ ಮಲಗಿಸಬೇಕು. ಅದು ಬಿಟ್ಟ ಮೇಲೆ ರಾತ್ರಿಯ ಆ ಹೊತ್ತು ಚಿಕ್ಕವಳಿಗೆ ಅಂತ ನಾನು ಲೆಕ್ಕ ಹಾಕಿದ್ದೇನೆ. ಅವಳಿಗೆ ಇಲ್ಲಿಯವರೆಗೂ ತನ್ನದೇ ಅನ್ನುವ ಹೊತ್ತು ಸಿಕ್ಕಿಲ್ಲ. ನಮ್ಮನೆಯವರು ಒಪ್ಪುತ್ತಿಲ್ಲ, ಆಗ ನೀನು ಮಲಗು ಅಂತಾರೆ.