ನಾಲ್ಕನೇ ಸಲಕ್ಕೆ ಕೈಹಿಡಿದ ಹಡಗಿನ ಸಿಎಂಇ

"ಹಡಗಿನಲ್ಲಿ ಯಾರ್ರೀ ಪಾಠ ಕೇಳ್ತಾರೆ? ರಜೆಗೆ ಒಂದು ನೆಪ ಅಷ್ಟೆ" ಅಂತ, ಕ್ರೂಸ್ ಹಡಗಿನ ಮೇಲೆ ಸಿಎಂಇ (ಕೆಲಸದಲ್ಲಿರುವ ಡಾಕ್ಟರುಗಳ ಮುಂದುವರಿಕೆ ಶಿಕ್ಷಣ) ನಡೆಸ್ತೀನಿ ಅಂದಾಗ ನಕ್ಕವರು ಬಹಳ ಜನ. ಮೊದಲು ನಕ್ಕವಳು ನನ್ನ ಹೆಂಡತಿ, ಆಮೇಲೆ ನಮ್ಮ ಅಕೌಂಟೆಂಟ್. ಮೂರು ಸಲ ಅವರ ಮಾತೇ ನಿಜವಾಯಿತು. ಹೋದ ವರ್ಷ ಬೇಸಿಗೆಯಲ್ಲಿ ನಾಲ್ಕನೇ ಸಲ ಮಾಡಿದೆ, ಕೆಲಸ ಆಯಿತು. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಜಂಬವೂ ಇದೆ, ಸಹಿಸಿಕೊಳ್ಳಿ.

ನಾನು ಮೈಸೂರಿನಲ್ಲಿ ಓದಿ ಅಮೆರಿಕದ ಒಹಾಯೋದಲ್ಲಿ ರುಮಟಾಲಜಿ, ಅಂದರೆ ಕೀಲುವಾತದಂಥ ರೋಗಗಳ ವೈದ್ಯಕೀಯ, ಮಾಡುವವನು. ನನ್ನ ಕ್ಲಿನಿಕ್‌ನಲ್ಲಿ ಹೊಸ ಪೇಷಂಟ್ ಐದು ತಿಂಗಳು ಕಾಯಬೇಕು. ಬರುವ ರೆಫರಲ್ ಪತ್ರಗಳಲ್ಲಿ ಅರ್ಧದಷ್ಟು "ಏಎನ್‌ಎ ಪಾಸಿಟಿವ್, ದಯವಿಟ್ಟು ನೋಡಿ" ಅನ್ನುವ ಒಂದೇ ಸಾಲು. (ಏಎನ್‌ಎ ಅಂದರೆ ದೇಹ ತನ್ನ ಮೇಲೇ ತಿರುಗಿಬೀಳುವ ಲೂಪಸ್‌ನಂಥ ರೋಗಗಳನ್ನು ಹುಡುಕುವ ರಕ್ತಪರೀಕ್ಷೆ.) ಎರಡೂ ಕೈ ಊದಿಕೊಂಡು ನಿಜವಾಗಿ ಬೇಗ ನೋಡಬೇಕಾದ ಹೆಂಗಸು ಕಾಯುವವರ ಸಾಲಿನ ಕೊನೆಯಲ್ಲಿ ನಿಂತಿರುತ್ತಾಳೆ. ಹಾಗಾಗಿ ಫ್ಯಾಮಿಲಿ ಡಾಕ್ಟರುಗಳಿಗೆ, ನರ್ಸ್ ಪ್ರಾಕ್ಟಿಷನರುಗಳಿಗೆ (ತಾವೇ ಪೇಷಂಟ್ ನೋಡಿ ಔಷಧ ಬರೆಯುವ ನರ್ಸ್‌ಗಳು) ಕೀಲು ನೋಡೋದು ಕಲಿಸುವುದರಲ್ಲಿ ನನ್ನ ಸ್ವಾರ್ಥವೂ ಇದೆ. ಆನ್‌ಲೈನ್ ಸಿಎಂಇ ಹೇಗೆ ನಡೆಯುತ್ತೆ ಅಂತ ನಿಮಗೆ ಗೊತ್ತು, ವಿಡಿಯೋ ಒಂದು ಕಡೆ ಓಡುತ್ತಿರುತ್ತೆ, ಇವರು ಇನ್ನೊಂದು ಕಡೆ ಚಾರ್ಟ್ ಮುಗಿಸುತ್ತಿರುತ್ತಾರೆ. ಹಡಗಿನಿಂದ ಎಲ್ಲಿಗೆ ಓಡಿಹೋಗ್ತಾರೆ ಅಂದುಕೊಂಡೆ. ಓಡಿಹೋಗ್ತಾರೆ. ಡೆಕ್ ಮೇಲಕ್ಕೆ.

2019ರಲ್ಲಿ ಸಿಯಾಟಲ್‌ನಿಂದ ಅಲಾಸ್ಕಕ್ಕೆ ಏಳು ರಾತ್ರಿಯ ಪ್ರಯಾಣ. 22 ಕ್ಯಾಬಿನ್ ಹಿಡಿದಿಟ್ಟೆ, ತುಂಬಿದ್ದು 13. ಸಿಯಾಟಲ್‌ನಿಂದ ಹೊರಟ ಹಡಗು ವ್ಯಾಂಕೂವರ್ ದ್ವೀಪದ ಹೊರಗಡೆಯಿಂದ, ತೆರೆದ ಪೆಸಿಫಿಕ್‌ನಲ್ಲಿ ಹೋಗುತ್ತೆ. ಇದು ನಕ್ಷೆ ನೋಡಿದ್ದರೆ ತಿಳಿಯುತ್ತಿತ್ತು, ನಾನು ನೋಡಿದ್ದು ಬ್ರೋಷರ್. ಮೊದಲ ದಿನ ಬೆಳಗ್ಗೆ 9ಕ್ಕೆ ಲೂಪಸ್ ಕ್ಲಾಸು. ಹೆಸರು ಕೊಟ್ಟವರು 26, ಬಂದವರು 11, ಮಧ್ಯದಲ್ಲಿ ಬಾಯಿ ಮುಚ್ಚಿಕೊಂಡು ಎದ್ದುಹೋದವರು ಇಬ್ಬರು. ನನ್ನ ಕಿವಿ ಹಿಂದೆಯೂ ಹೊಟ್ಟೆ ತೊಳಸದಂತೆ ಹಚ್ಚುವ ಸ್ಕೊಪೊಲಮಿನ್ ಪ್ಯಾಚ್. ಬಾಯಿ ಒಣಗಿ ನಾಲಿಗೆ ಹೊರಳುತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ದಡ್ಡತನ ಹಿಮನದಿಗಳ ಕೊಲ್ಲಿ ಗ್ಲೇಸಿಯರ್ ಬೇ ನೋಡುವ ದಿನ ಮಾಡಿದ್ದು. ಬೆಳಗ್ಗೆ 10ಕ್ಕೆ ವ್ಯಾಸ್ಕುಲೈಟಿಸ್ (ರಕ್ತನಾಳದ ಉರಿಯೂತ) ಪಾಠ ಇಟ್ಟಿದ್ದೆ. ಹೊರಗಡೆ ಮಾರ್ಜರಿ ಗ್ಲೇಸಿಯರ್, ಪಾರ್ಕ್ ರೇಂಜರುಗಳು ಮೈಕಿನಲ್ಲಿ ವಿವರಿಸುತ್ತಿದ್ದಾರೆ, ಒಳಗಡೆ ನನ್ನ 58 ಸ್ಲೈಡು. ಹಾಲ್‌ನಲ್ಲಿ ಮೂರು ಜನ, ಅದರಲ್ಲಿ ಒಬ್ಬರಿಗೆ ನಿದ್ದೆ. ಹನ್ನೆರಡನೇ ಸ್ಲೈಡಿಗೆ ನಾನೇ ಲ್ಯಾಪ್‌ಟಾಪ್ ಮುಚ್ಚಿ ಮೇಲೆ ಓಡಿದೆ. ಸ್ಲೈಡಿನೊಳಗಿನ ವಿಡಿಯೋಗಳೆಲ್ಲ ಇಂಟರ್ನೆಟ್‌ನಲ್ಲಿದ್ದವು, ಹಡಗಿನ ಇಂಟರ್ನೆಟ್‌ನಲ್ಲಿ ಒಂದೂ ಓಡಲಿಲ್ಲ. ಒಟ್ಟು ನಷ್ಟ 9,000 ಡಾಲರ್ ಆಸುಪಾಸು.

2020ರ ಬುಕಿಂಗ್ ಕಥೆ ಹೇಳಬೇಕಿಲ್ಲ. ಕೋವಿಡ್ ಬಂತು, ಮಾರ್ಚ್‌ನಲ್ಲಿ ಅಮೆರಿಕದ ರೋಗನಿಯಂತ್ರಣ ಸಂಸ್ಥೆ ಸಿಡಿಸಿ ಕ್ರೂಸ್‌ಗಳನ್ನೇ ನಿಲ್ಲಿಸಿತು. ಮುಂಗಡ ವಾಪಸ್ ಬಂದದ್ದು ಬಹಳ ದಿನದ ಮೇಲೆ, ಅಷ್ಟೆ.

2023ರಲ್ಲಿ ಜಾಸ್ತಿ ಬುದ್ಧಿವಂತಿಕೆ ತೋರಿಸಲು ಹೋದೆ. ಅಮೆರಿಕದ ತೆರಿಗೆ ಕಾನೂನಿನಲ್ಲಿ ಹಡಗಿನ ಮೇಲಿನ ಸಮ್ಮೇಳನದ ಖರ್ಚಿಗೆ ವರ್ಷಕ್ಕೆ 2,000 ಡಾಲರ್‌ವರೆಗೆ ಕಡಿತ ಇದೆ, ಅಂದರೆ ಅಷ್ಟನ್ನು ತೆರಿಗೆಯ ಆದಾಯದಿಂದ ಕಳೆಯಬಹುದು. ಆದರೆ ಹಡಗು ಅಮೆರಿಕದಲ್ಲೇ ನೋಂದಣಿ ಆಗಿರಬೇಕು, ನಿಲ್ಲುವ ಬಂದರುಗಳೆಲ್ಲ ಅಮೆರಿಕದವೋ ಅದರ ಅಧೀನದವೋ ಆಗಿರಬೇಕು. ದೊಡ್ಡ ಕ್ರೂಸ್ ಹಡಗುಗಳ ಹಿಂಭಾಗ ನೋಡಿ, ಸಾಮಾನ್ಯವಾಗಿ ಬಹಾಮಾಸ್‌ನ ನಸ್ಸಾವ್ ಅಥವಾ ಪನಾಮಾದಂಥ ಹೊರದೇಶದ ನೋಂದಣಿ ಬಂದರಿನ ಹೆಸರು ಬರೆದಿರುತ್ತೆ. ವಿದೇಶಿ ಬಾವುಟದ ಹಡಗು ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರಬೇಕಾದರೆ 1886ರ ಹಳೇ ಕಾನೂನಿನ ಪ್ರಕಾರ ಮಧ್ಯೆ ಒಂದು ಹೊರದೇಶದ ಬಂದರು ಮುಟ್ಟಲೇಬೇಕು. ಅದಕ್ಕೇ ಅಲಾಸ್ಕ ಹಡಗುಗಳು ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲೋದು. ಅಲ್ಲಿಗೆ ಕಡಿತ ಹೋಯಿತು. ಅಮೆರಿಕದ ಬಾವುಟ ಹೊತ್ತ ದೊಡ್ಡದೊಂದು ಹಡಗು ಹವಾಯಿಯಲ್ಲಿ ಓಡುತ್ತೆ. ಬೀಗದಕೈ ಸಿಕ್ಕಿತು ಅಂತ ಕುಣಿದೆ.

ಅಲ್ಲಿ ಒಂದು ದಿನವೂ ಪೂರ್ತಿ ಸಮುದ್ರದಲ್ಲಿ ಕಳೆಯುವುದಿಲ್ಲ. ಬೆಳಗಾದರೆ ಒಂದು ದ್ವೀಪ. ಮಾವಿ ದ್ವೀಪ ಕಿಟಕಿಯಲ್ಲಿ ಕಾಣುತ್ತಿರುವಾಗ ಸೋರಿಯಾಟಿಕ್ ಆರ್ಥ್ರೈಟಿಸ್ ಪಾಠ ಯಾರಿಗೆ ಬೇಕು? ಇನ್ನೊಂದು ವಿಷಯ ನಮ್ಮ ಅಕೌಂಟೆಂಟ್ ನಂತರ ಹೇಳಿದ, ನೌಕರಿಯಲ್ಲಿರುವವರು ಕೈಯಿಂದ ಹಾಕಿದ ಖರ್ಚಿಗೆ 2018ರಿಂದ ಕಡಿತವೇ ಇಲ್ಲ. ಬಂದಿದ್ದವರಲ್ಲಿ ಸ್ವಂತ ಪ್ರಾಕ್ಟೀಸ್ ಇದ್ದವರು ಮೂರು ಜನ. ಆ ಮೂವರ ಕಡಿತಕ್ಕಾಗಿ ದಿನಕ್ಕೆ ಎಷ್ಟು ಗಂಟೆ ಕೂತರು ಅಂತ ಬರೆದು ಸಹಿ ಹಾಕಿಕೊಟ್ಟೆ. ಇನ್ನೊಂದು ನಾಲ್ಕು ಸಾವಿರ ಹೋಯಿತು.

ದುಡ್ಡಿನ ದಾರಿ ತೆರಿಗೆಯಲ್ಲಿ ಇರಲಿಲ್ಲ, ಆಸ್ಪತ್ರೆಗಳು ತಮ್ಮ ಡಾಕ್ಟರುಗಳಿಗೆ ಕೊಡುವ ಸಿಎಂಇ ಭತ್ಯೆಯಲ್ಲಿ ಇತ್ತು. ಅದರಲ್ಲಿ ಸಾಮಾನ್ಯವಾಗಿ ನೋಂದಣಿ ಶುಲ್ಕ ಪಾಸಾಗುತ್ತೆ, ಕ್ಯಾಬಿನ್ ಪಾಸಾಗಲ್ಲ. ನಾನು ಎರಡನ್ನೂ ಸೇರಿಸಿ ಒಂದೇ ಬಿಲ್ ಕೊಡುತ್ತಿದ್ದೆ, ಅದು ವಾಪಸ್ ಬರುತ್ತಿತ್ತು. ಈ ಸಲ ಬಿಲ್ ಬೇರೆ ಬೇರೆ ಮಾಡಿದೆ. ಇಷ್ಟು ಸಣ್ಣ ವಿಷಯ ತಿಳಿಯಲು ಆರು ವರ್ಷ! ಔಷಧ ಕಂಪನಿ ದುಡ್ಡು ಮಾತ್ರ ಮುಟ್ಟಲಿಲ್ಲ. ಕ್ರೂಸ್‌ಗೆ ಆ ದುಡ್ಡು ಸೇರಿದರೆ ಅದು ಲಂಚದ ಹಾಗೇ ಕಾಣುತ್ತೆ, ಪಾಠ ಕೇಳಿದ ಗಂಟೆಗಳಿಗೆ ಕ್ರೆಡಿಟ್ ಕೊಡುವ ಸಂಸ್ಥೆಯೂ ಒಪ್ಪಲ್ಲ.

ಹೋದ ವರ್ಷ ಮತ್ತೆ ಅಲಾಸ್ಕ. ವೇಳಾಪಟ್ಟಿಯನ್ನು ನಕ್ಷೆ ಮುಂದಿಟ್ಟುಕೊಂಡು ಬರೆದೆ. ಹಡಗು ಹೊರಟ ಸಂಜೆ, ಇನ್ನೂ ಸಿಯಾಟಲ್ ಪಕ್ಕದ ಒಳಸಮುದ್ರ ಪ್ಯೂಜೆಟ್ ಸೌಂಡ್‌ನ ಅಲೆಯಿಲ್ಲದ ನೀರಿನಲ್ಲಿರುವಾಗಲೇ ಮೊದಲ ಕ್ಲಾಸು. ಮರುದಿನ ಬೆಳಗ್ಗೆ ಏನೂ ಇಲ್ಲ, ಹೊಟ್ಟೆ ಸರಿಯಾದವರಿಗೆ ಮಧ್ಯಾಹ್ನ ಮೂರು ತಾಸು ಪಾಠ. ಗ್ಲೇಸಿಯರ್ ದಿನ ಪೂರ್ತಿ ರಜೆ. ಕೊನೆಯ ದಿನ ವಿಕ್ಟೋರಿಯಾ ತಲುಪುವುದು ಸಂಜೆಗೆ, ಹಾಗಾಗಿ ಅವತ್ತು ಐದು ತಾಸು. ಅಲ್ಲಿ ಇಲ್ಲಿ ಎರಡು ಸಂಜೆ ಸೇರಿ ಒಟ್ಟು 12 ಕ್ರೆಡಿಟ್.

ಎರಡನೇ ಬದಲಾವಣೆ, ಸ್ಲೈಡ್ ಬಿಟ್ಟೆ. ಮುಟ್ಟಲು ಕೈಗಳು ಬೇಕಿತ್ತು. ಕೈಗಳು ಹಡಗಿನಲ್ಲೇ ಇದ್ದವು! ಎಲ್ಲರೂ ಗಂಡನನ್ನೋ ಹೆಂಡತಿಯನ್ನೋ, ಅಪ್ಪ ಅಮ್ಮನನ್ನೋ ಕರೆದುಕೊಂಡು ಬಂದಿರುತ್ತಾರೆ. ಮಿಶಿಗನ್‌ನ ಒಬ್ಬ ಕನ್ನಡದ ಡಾಕ್ಟರು ಹಾಸನದ ಕಡೆಯ ತಮ್ಮ ಅತ್ತೆಯನ್ನು ಕರೆತಂದಿದ್ದರು. 74 ವರ್ಷ, ಹತ್ತೂ ಬೆರಳ ತುದಿಯ ಗೆಣ್ಣುಗಳಲ್ಲಿ ಗಂಟು. "ಹೇಗೂ ಕೂತಿದೀನಲ್ಲಪ್ಪ, ನೋಡ್ಕೊಳ್ಳಿ" ಅಂತ ಕೈ ಚಾಚಿದರು. ಅವರ ಪಕ್ಕದಲ್ಲಿ ಹನ್ನೊಂದು ವರ್ಷದಿಂದ ರುಮಟಾಯ್ಡ್ ಕೀಲುವಾತ ಇರುವ ಒಬ್ಬ ನರ್ಸ್ ಪ್ರಾಕ್ಟಿಷನರ್, ಅವರೇ ಮುಂದೆ ಬಂದದ್ದು. ಎರಡೂ ಕೈಗಳ ಮೇಲೆ ಟವೆಲ್ ಹಾಕಿ, ನೋಡದೆ ಮುಟ್ಟಿ ಹೇಳಿ ಅಂದೆ. ಒಂದು ಸವೆತದ ಗಟ್ಟಿ ಮೂಳೆ, ಇನ್ನೊಂದು ರುಮಟಾಯ್ಡ್‌ನ, ಒತ್ತಿದರೆ ಕುಗ್ಗುವ ಮೆತ್ತನೆಯ ಊತ. ನಾನು ಇಂಗ್ಲಿಷಿನಲ್ಲಿ ವಾಲ್‌ನಟ್ ಮತ್ತು ದ್ರಾಕ್ಷಿ ಅಂತ ಹೋಲಿಸುತ್ತಿದ್ದೆ, ಅಜ್ಜಿ ಅಳಿಯನ ಕಡೆ ತಿರುಗಿ "ಅಡಿಕೆ ಅನ್ನೋಕೇನು" ಅಂದರು. ಆಮೇಲೆ ಇಡೀ ಗುಂಪು ಆ ಗಟ್ಟಿ ಗಂಟನ್ನು ಅಡಿಕೆ ಅಂತಲೇ ಕರೆಯಿತು, ಒಹಾಯೋದ ಬಿಳಿಯರೂ ಸೇರಿ.

ವಿಷಯಗಳು ಡಾಕ್ಟರುಗಳಿಗೆ ಗೊತ್ತಿರುವವೇ. ಕಡಿಮೆ ಮಟ್ಟದ (ಟೈಟರ್ 1:40ರಷ್ಟು) ಏಎನ್‌ಎ ಆರೋಗ್ಯವಂತರಲ್ಲೇ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರಿಗೆ ಪಾಸಿಟಿವ್ ಬರಬಹುದು. ಇದನ್ನು ಹೇಳಿದರೆ ತಲೆ ಆಡಿಸುತ್ತಾರೆ, ಮರೆಯುತ್ತಾರೆ. ಅದಕ್ಕೆ ಪ್ರತಿಯೊಬ್ಬರೂ ತಾವು ಕೊನೆಯದಾಗಿ ಬರೆದ ಐದು ಏಎನ್‌ಎ ಆರ್ಡರ್‌ಗಳನ್ನು ಪೇಷಂಟ್ ಹೆಸರಿಲ್ಲದೆ ತಂದು, ಯಾಕೆ ಬರೆದೆ ಅಂತ ಎಲ್ಲರ ಮುಂದೆ ಹೇಳಬೇಕು ಅಂದೆ. ಮೂರನೆಯವರ ಹೊತ್ತಿಗೆ ನಗು ತಡೆಯಲಾಗಲಿಲ್ಲ, ಮುಕ್ಕಾಲುಪಾಲು ಆರ್ಡರಿಗೆ ಕಾರಣ "ಸುಸ್ತು". ಕೀಲುವಾತಕ್ಕೆ ವಾರಕ್ಕೊಮ್ಮೆ ಮಾತ್ರ ಕೊಡುವ ಮೆಥೊಟ್ರೆಕ್ಸೇಟ್ ಚೀಟಿಯಲ್ಲಿ ವಾರದ ಯಾವ ದಿನ ಅಂತ ಬರೆಸಿದೆ, ದಿನಾ ನುಂಗಿ ಸತ್ತವರಿದ್ದಾರೆ. 50 ದಾಟಿದವರಿಗೆ ಹೊಸ ತಲೆನೋವು, ಅಗಿಯುವಾಗ ದವಡೆ ನೋವು ಇದ್ದರೆ ಅದು ತಲೆಯ ರಕ್ತನಾಳದ ಉರಿಯೂತ ಇರಬಹುದು, ಬಯಾಪ್ಸಿಗೆ ಕಾಯದೆ ಅವತ್ತೇ ಸ್ಟೀರಾಯ್ಡ್. ಇದನ್ನು ಮೂರು ಸಲ ಹೇಳಿಸಿದೆ. ಕೇಸ್‌ಗಳನ್ನು ಯಾವ ಕ್ರಮದಲ್ಲಿ ಇಡುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ಮೀಟಿಂಗ್ ರೂಮ್ ಬಾಡಿಗೆ ಇಲ್ಲದೆ ಹೇಗೆ ಸಿಕ್ಕಿತು ಅನ್ನೋದೂ.

ಗೌಟ್ (ಯೂರಿಕ್ ಆಸಿಡ್ ಹರಳು ಕೀಲಿನಲ್ಲಿ ಕೂತು ಬರುವ ನೋವು) ಪಾಠಕ್ಕೆ ದೇವರೇ ಪೇಷಂಟ್ ಕಳಿಸಿದ. ಐದನೇ ದಿನ, ನಾಲ್ಕು ರಾತ್ರಿ ಸಿಗಡಿ ಮತ್ತು ಬಿಯರ್ ಆದಮೇಲೆ, ಒಬ್ಬರ ಗಂಡನ ಕಾಲಿನ ಹೆಬ್ಬೆರಳು ಕೆಂಪಾಗಿ ಊದಿತು. ಚಿಕಿತ್ಸೆ ಹಡಗಿನ ಡಾಕ್ಟರದ್ದೇ, ನಾವು ಕೈ ಹಾಕಲಿಲ್ಲ. ಆದರೆ ಮನುಷ್ಯ ಖುಷಿಯಿಂದ ಕುಂಟುತ್ತಾ ಕ್ಲಾಸಿಗೆ ಬಂದ. ನನ್ನ ಕೈಯಲ್ಲಿ ಹಿಡಿಯುವ ಅಲ್ಟ್ರಾಸೌಂಡ್ ಇಟ್ಟು ಮೃದ್ವಸ್ಥಿಯ ಮೇಲೆ ಆ ಹರಳು ಕೂತು ಮೂಡುವ ಎರಡನೇ ಬಿಳಿ ಗೆರೆ ತೋರಿಸಿದೆ. ಆರು ತಿಂಗಳ ಹಿಂದೆ ಯೂರಿಕ್ ಆಸಿಡ್ ಇಳಿಸುವ ಅಲೊಪ್ಯುರಿನಾಲ್ ಶುರು ಮಾಡಿ, ಮೊದಲ ನೋವು ಬಂದ ಕೂಡಲೇ ಬಿಟ್ಟಿದ್ದನಂತೆ. 100 ಮಿಲಿಗ್ರಾಂ ಅಥವಾ ಅದಕ್ಕಿಂತ ಕಮ್ಮಿಯಿಂದ ಶುರು, ರಕ್ತದ ಯೂರಿಕ್ ಆಸಿಡ್ 6ರ ಕೆಳಗೆ ಬರುವವರೆಗೆ ಏರಿಸು, ನೋವು ಮರುಕಳಿಸದಂತೆ ಮೊದಲ ಮೂರರಿಂದ ಆರು ತಿಂಗಳು ಕೊಲ್ಚಿಸಿನ್ ಮಾತ್ರೆಯ ಕಾವಲು. ಇದನ್ನು ನಾನು ಹೇಳುವ ಮೊದಲೇ ಅವನ ಹೆಂಡತಿ ಹೇಳಿದಳು, ಸಿಟ್ಟಿನಲ್ಲಿ.

ಎರಡು ಉಪಪ್ರಯೋಗ ಕೈಕೊಟ್ಟವು. ಬೆರಳು ಚುಚ್ಚುವ ಯೂರಿಕ್ ಆಸಿಡ್ ಮೀಟರ್ ತಂದು, ಬಫೆಗೆ ಮುಂಚೆ ಮತ್ತು ಐದು ದಿನದ ನಂತರ ನಾಲ್ವರನ್ನು ಅಳೆಯೋಣ ಅಂದುಕೊಂಡಿದ್ದೆ. ಅದು ನನಗೇ ಒಂದೇ ಗಂಟೆಯಲ್ಲಿ 7.9, ಆಮೇಲೆ 6.2 ತೋರಿಸಿತು. ಮೀಟರಿನ ಪರೀಕ್ಷಾ ಪಟ್ಟಿಗಳಿಗೆ ಥಂಡಿ ಹಿಡಿದಿತ್ತೇನೋ, ಎಸೆದೆ. ಇನ್ನೊಂದು, ಡೆಕ್ ಮೇಲೆ ಕಾಫಿ ಹಿಡಿದು ಕೂತು, ನಡೆಯುವವರನ್ನು ನೋಡಿ ಸೊಂಟವೋ ಮಂಡಿಯೋ ಊಹಿಸುವ ಆಟ. ಹಡಗು ಒಲೆದರೆ ಎಲ್ಲರೂ ಬಾತುಕೋಳಿಯ ಹಾಗೇ ನಡೀತಾರೆ, ಬಿಟ್ಟೆವು.

ಲೆಕ್ಕ ನೆನಪಿನಿಂದ ಹೇಳ್ತೀನಿ. 31 ಜನ, ತಲೆಗೆ 895 ಡಾಲರ್, ಸುಮಾರು 27,700. ಕ್ರೆಡಿಟ್ ಕೊಡುವ ಸಂಸ್ಥೆಗೆ ಆರೂವರೆ ಸಾವಿರ, ಜೊತೆಗೆ ಪಾಠ ಮಾಡಿದ ಗೆಳತಿಯ ಪ್ರಯಾಣಕ್ಕೆ ನಾಲ್ಕು, ಪ್ರಚಾರ, ಮುದ್ರಣ, ವಿಮೆ ಎಲ್ಲ ಸೇರಿ ಇನ್ನೊಂದು ಐದೂವರೆ ಆರು. ಹತ್ತಿರಹತ್ತಿರ 11,000 ಉಳಿಯಿತು. ಹಳೆಯ ಎರಡು ನಷ್ಟ ಕೂಡಿಸಿದರೆ 13,000, ಅಂದರೆ ಇನ್ನೂ ಎರಡು ಸಾವಿರ ಹಿಂದೆ ಇದ್ದೀರಿ ಅಂತ ಹೆಂಡತಿ ಊಟಕ್ಕೆ ಕೂತಾಗಲೆಲ್ಲ ನೆನಪಿಸುತ್ತಾಳೆ.

ಆದರೆ ಆ 31 ಜನರಲ್ಲಿ ಒಂಬತ್ತು ಜನ ನಮ್ಮ ಊರಿನ ಸುತ್ತಮುತ್ತಲಿನವರು. ಅಕ್ಟೋಬರ್‌ನಲ್ಲಿ ಅವರಲ್ಲೊಬ್ಬರಿಂದ ಒಂದು ಪತ್ರ ಬಂತು: ಎರಡೂ ಕೈಯಲ್ಲಿ ಎರಡನೇ ಮೂರನೇ ಬೆರಳಿನ ಬುಡದ ಕೀಲು ಮೆತ್ತಗೆ ಊದಿದೆ, ಒತ್ತಿದರೆ ನೋವು, ಬೆಳಗಿನ ಬಿಗಿತ ಒಂದು ಗಂಟೆ, ಆರು ವಾರದಿಂದ, ಸಿಸಿಪಿ (ರುಮಟಾಯ್ಡ್‌ಗೆ ಮಾಡುವ ರಕ್ತಪರೀಕ್ಷೆ) ಕಳಿಸಿದ್ದೇನೆ, "ಅಡಿಕೆ ಅಲ್ಲ". ಆ ಹೆಂಗಸನ್ನು ಹತ್ತೇ ದಿನದಲ್ಲಿ ನೋಡಿದೆ.

ಮುಂದಿನ ಗುಂಪಿಗೆ ಕ್ಯಾಬಿನ್ ಹಿಡಿದಾಗಿದೆ. ಗುಂಪಾಗಿ ಹಿಡಿದರೆ ಹದಿನಾರು ಬರ್ತ್‌ಗೆ ಒಂದು ಬಿಟ್ಟಿ ಬರುತ್ತಲ್ಲ, ಅದರಲ್ಲಿ ಒಂದು ಹಾಸನದ ಅಜ್ಜಿಗೆ. ವೀಸಾ ಸಿಗಬೇಕು ಅಷ್ಟೆ.