ಬ್ರಿಟನ್‌ಗೆ ಹೊರಟ ಕೊಡಗಿನವರಿಗೆ: ಕಾರಿನ ಸೈಲೆನ್ಸರ್ ಮುಟ್ಟುವ ಮೊದಲು

ಗೋಣಿಕೊಪ್ಪದಲ್ಲಿ ನಾಲ್ಕು ಹುಡುಗರು ಸೇರಿದರೆ ಮಾತು ಜೀಪಿನ ಕಡೆ ತಿರುಗದೆ ಇರುವುದಿಲ್ಲ. ಮೊದಲು ಟಯರ್, ಆಮೇಲೆ ವಿಂಚ್, ಕೊನೆಗೆ ಸೈಲೆನ್ಸರ್. ಈ ಸಲ ನಾನು ರಜೆಗೆ ಊರಿಗೆ ಬಂದಾಗ ಬ್ರಿಟನ್‌ಗೆ ಓದಲು, ಕೆಲಸಕ್ಕೆ ಹೊರಟಿರುವ ಕೆಲವರು ಮನೆಗೆ ಬಂದಿದ್ದರು. ಬಾಡಿಗೆ, ಚಳಿ, ಅಕ್ಕಿಯ ವಿಚಾರ ಎಲ್ಲ ಮುಗಿದ ಮೇಲೆ ಒಬ್ಬ ಕೇಳಿದ, "ಅಣ್ಣಾ, ಅಲ್ಲಿ ಕಾರಿಗೆ ಫ್ರೀ ಫ್ಲೋ ಹಾಕಿಸಬಹುದಾ?" ಹೊಗೆಯನ್ನು ಸಲೀಸಾಗಿ ಹೊರಬಿಟ್ಟು ಜೋರಾಗಿ ಸದ್ದು ಮಾಡುವ ಸೈಲೆನ್ಸರ್‌ಗೆ ಹಾಗನ್ನುತ್ತಾರೆ. ಹೊಸಬರು ಹಳೇ ಕಾರು ಕೊಳ್ಳುವಾಗ ಜೊತೆಗೆ ಹೋಗಿ ನೋಡುವ ಕೆಲಸ ಅಲ್ಲಿ ಹೇಗೋ ನನ್ನ ಪಾಲಿಗೇ ಬಂದಿದೆ. ಹಾಗಾಗಿ ಅವನಿಗೆ ಹೇಳಿದ್ದನ್ನು ಎಲ್ಲರಿಗೂ ಬರೆಯುತ್ತಿದ್ದೇನೆ.

ಹಾಕಿಸಬಹುದು, ಆದರೆ ಶಬ್ದ ಜಾಸ್ತಿ ಆಗಬಾರದು. ಶಬ್ದಕ್ಕಾಗಿಯೇ ಹಾಕಿಸುವವರಿಗೆ ಇದು ಬೇಡ ಅಂದ ಹಾಗೇ, ಅಲ್ವಾ! ನಮ್ಮ ದೇಶದ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವುದೇ ತಪ್ಪು. ಬ್ರಿಟನ್ನಿನಲ್ಲಿ ಬದಲಾಯಿಸಿದ್ದಕ್ಕೆ ಯಾರೂ ಹಿಡಿಯುವುದಿಲ್ಲ. ಬದಲಾಯಿಸಿದ ಮೇಲೆ ಏನಾಯಿತು ಅನ್ನುವುದನ್ನು ನೋಡುತ್ತಾರೆ. ಅಲ್ಲಿನ 1986ರ ವಾಹನ ನಿಯಮಗಳಲ್ಲಿ 54ನೆಯದು ಇದರ ಬಗ್ಗೆಯೇ ಇದೆ. ಸೈಲೆನ್ಸರ್ ಸರಿಯಾಗಿ ಕೆಲಸ ಮಾಡುತ್ತಿರಬೇಕು, ಹೊಗೆ ಹೊರಬರುವ ಸದ್ದು ಏರುವ ಹಾಗೆ ಅದನ್ನು ಬದಲಾಯಿಸಿರಬಾರದು. 97ನೇ ನಿಯಮ ಡ್ರೈವರಿಗೆ. ಸ್ವಲ್ಪ ಜಾಗ್ರತೆಯಿಂದ ತಪ್ಪಿಸಬಹುದಾದ ಅತಿಯಾದ ಸದ್ದು ಮಾಡಬಾರದು. ಅಂದರೆ ಕಂಪನಿಯ ಸೈಲೆನ್ಸರ್ ಇದ್ದರೂ ರಾತ್ರಿ ಹನ್ನೊಂದಕ್ಕೆ ಸುಮ್ನೆ ರೇಸ್ ಕೊಟ್ಟು ನಿಂತರೆ ತಪ್ಪು ನಿಮ್ಮದೇ.

"ಇದು 74 ಡೆಸಿಬೆಲ್ ಒಳಗಿದೆ, ಏನೂ ಆಗಲ್ಲ" ಅಂತ ಅಂಗಡಿಯವರು ಹೇಳುತ್ತಾರೆ. 74 ಅನ್ನುವುದು 1996ರಿಂದ ಹೊಸ ಮಾದರಿಯ ಕಾರುಗಳಿಗೆ ಮಾರಾಟದ ಒಪ್ಪಿಗೆ ಕೊಡುವಾಗ ನೋಡುತ್ತಿದ್ದ ಮಿತಿ, 2016ರಿಂದ ಅದನ್ನೂ ಹಂತ ಹಂತವಾಗಿ ಇಳಿಸಿದ್ದಾರೆ. 54ನೇ ನಿಯಮದಲ್ಲಿ ಡೆಸಿಬೆಲ್ ಲೆಕ್ಕವೇ ಇಲ್ಲ. ಮೊದಲಿಗಿಂತ ಜಾಸ್ತಿಯೋ ಇಲ್ಲವೋ, ಅಷ್ಟೇ. ಪೊಲೀಸರ ಕೈಯಲ್ಲಿ ಮೀಟರ್ ಇಲ್ಲ ಅಂತ ವಾದಕ್ಕೆ ನಿಂತರೆ ಗೆಲ್ಲುವುದು ಕಷ್ಟ.

ಸ್ಥಳದಲ್ಲೇ ಹಾಕುವ ದಂಡ 50 ಪೌಂಡ್. "ಇಷ್ಟೇನಾ?" ಅನ್ನಿಸಬಹುದು. ಅದು ಬರೀ ಶುರು. ಜನರಿಗೆ ಕಿರಿಕಿರಿಯಾಗುವ ಹಾಗೆ ಅಡ್ಡಾದಿಡ್ಡಿ ಓಡಿಸುತ್ತಿದ್ದರೆ 2002ರ ಪೊಲೀಸ್ ಸುಧಾರಣಾ ಕಾಯ್ದೆಯ 59ನೇ ಸೆಕ್ಷನ್ ಅಡಿ ಪೊಲೀಸರು ಕಾರನ್ನೇ ಎತ್ತಿಕೊಂಡು ಹೋಗಬಹುದು. ಕೆಲವು ಊರುಗಳಲ್ಲಿ ಕೌನ್ಸಿಲ್‌ಗಳೇ (ನಮ್ಮ ಪುರಸಭೆಯ ಥರದ ಸ್ಥಳೀಯ ಆಡಳಿತ) ಸದ್ದು ಮಾಡುವ ಕಾರುಗಳ ಮೇಲೆ ಪ್ರತ್ಯೇಕ ಆದೇಶ ಹೊರಡಿಸಿವೆ. ಲಂಡನ್ನಿನ ಕೆನ್ಸಿಂಗ್ಟನ್–ಚೆಲ್ಸಿಯಲ್ಲಿ ಸದ್ದು ಹಿಡಿಯುವ ಕ್ಯಾಮೆರಾಗಳಿವೆ. 2022ರಲ್ಲಿ ಬ್ರಾಡ್‌ಫರ್ಡಿನಲ್ಲೂ ಸರ್ಕಾರ ಅಂಥವನ್ನು ಇಟ್ಟು ಪರೀಕ್ಷಿಸಿತು. ನಮ್ಮಲ್ಲಿ ತೋಟದ ದಾರಿಯಲ್ಲಿ ಜೀಪು ಗುಡುಗಿದರೆ ಕೇಳುವುದು ಆನೆ, ಇಲ್ಲಾಂದ್ರೆ ತೋಟದ ರೈಟರ್. ಅಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. ಪಕ್ಕದ ಮನೆಯವರು ನಿಮಗೆ ಒಂದು ಮಾತೂ ಹೇಳದೆ ನೇರ ಕೌನ್ಸಿಲ್‌ಗೆ ಬರೆಯುತ್ತಾರೆ.

ಇನ್ನು ವರ್ಷಕ್ಕೊಮ್ಮೆ ಎಂಒಟಿ ಪರೀಕ್ಷೆ. ನಮ್ಮ ಎಫ್‌ಸಿ, ಎಮಿಷನ್ ಟೆಸ್ಟ್ ಎರಡೂ ಸೇರಿದ ಹಾಗೆ. ಇಂಗ್ಲೆಂಡ್, ಸ್ಕಾಟ್‌ಲೆಂಡ್, ವೇಲ್ಸ್‌ನಲ್ಲಿ ಕಾರಿಗೆ ಮೂರು ವರ್ಷ ತುಂಬಿದಾಗ ಶುರುವಾಗುತ್ತದೆ. ಅದೇ ಥರದ ಕಾರು ಮಾಮೂಲಿ ಸೈಲೆನ್ಸರ್‌ನಲ್ಲಿ ಮಾಡುವ ಸದ್ದಿಗಿಂತ ನಿಮ್ಮದು ತೀರಾ ಜಾಸ್ತಿ ಅನ್ನಿಸಿದರೆ ಪರೀಕ್ಷಕ ಫೇಲ್ ಮಾಡಬಹುದು. ಪಾಸಾಯಿತು ಅಂತ ರಸ್ತೆಯಲ್ಲಿ ಪೊಲೀಸರು ಬಿಡಬೇಕೆಂದೇನೂ ಇಲ್ಲ.

ನನಗೆ ನಿಜವಾಗಿ ಚಿಂತೆ ಇರುವುದು ಸದ್ದಿನ ಶೋಕಿಯವರ ಬಗ್ಗೆ ಅಲ್ಲ. ಸೈಲೆನ್ಸರ್ ತಂಟೆಗೇ ಹೋಗದವರು ಜಾಸ್ತಿ ಸಿಕ್ಕಿಹಾಕಿಕೊಳ್ಳುತ್ತಾರೆ. ಹೊಸಬರು ಕೊಳ್ಳುವುದು ಕಮ್ಮಿ ಬೆಲೆಯ ಹಳೇ ಡೀಸೆಲ್ ಕಾರು. ಅದರ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಹೈವೇಯಲ್ಲಿ ಒಂದಷ್ಟು ಹೊತ್ತು ಬಿಸಿಯಾಗಿ ಓಡಿದರೆ ಮಸಿ ತಾನಾಗಿ ಉರಿದು ಹೋಗುತ್ತದೆ. ಮನೆಯಿಂದ ಆಸ್ಪತ್ರೆಗೆ ಎರಡು ಮೈಲಿ, ಆಸ್ಪತ್ರೆಯಿಂದ ಮನೆಗೆ ಎರಡು ಮೈಲಿ ಓಡಿಸುವ ನರ್ಸಿನ ಕಾರಿನಲ್ಲಿ ಅದು ಕಟ್ಟಿಕೊಳ್ಳದೆ ಇನ್ನೇನಾಗುತ್ತದೆ? ಡ್ಯಾಶ್‌ಬೋರ್ಡಿನಲ್ಲಿ ಲೈಟ್ ಹತ್ತುತ್ತದೆ. ಹೊಸದು ಹಾಕಲು ದುಬಾರಿ. ಆಗ ಯಾರೋ ಒಬ್ಬ ಮೆಕ್ಯಾನಿಕ್, "ಒಳಗಿನದು ತೆಗೆದು ಮತ್ತೆ ವೆಲ್ಡ್ ಮಾಡ್ತೀನಿ, ಹೊರಗಿನಿಂದ ಗೊತ್ತೇ ಆಗಲ್ಲ" ಅನ್ನುತ್ತಾನೆ. ದಯವಿಟ್ಟು ಒಪ್ಪಬೇಡಿ. ಕಂಪನಿ ಹಾಕಿ ಕೊಟ್ಟ ಡಿಪಿಎಫ್ ಇಲ್ಲದಿದ್ದರೆ 2014ರ ಫೆಬ್ರವರಿಯಿಂದ ಎಂಒಟಿ ಫೇಲ್. ಡಬ್ಬಿ ಕತ್ತರಿಸಿ ಬೆಸೆದ ಗುರುತು ಕಂಡರೂ, ಸ್ವಚ್ಛ ಮಾಡಿಸಲು ತೆರೆದದ್ದು ಎಂಬಂಥ ದಾಖಲೆ ನೀವು ತೋರಿಸದಿದ್ದರೆ ಫೇಲ್. ಅಂಥ ಕಾರನ್ನು ರಸ್ತೆಯಲ್ಲಿ ಓಡಿಸಿದರೆ ದಂಡ 1,000 ಪೌಂಡ್‌ವರೆಗೆ, ವ್ಯಾನ್ ಆದರೆ 2,500 ಪೌಂಡ್‌ವರೆಗೆ. ನೀವು ದಿನಕ್ಕೆ ಓಡಿಸುವುದು ನಾಲ್ಕೇ ಮೈಲಿ ಆದರೆ ಪೆಟ್ರೋಲ್ ಕಾರೇ ತಗೊಳ್ಳಿ.

ಪೆಟ್ರೋಲ್ ಕಾರಿನಲ್ಲಿ ನೋಡಬೇಕಾದ್ದು ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಹೊಗೆಯಲ್ಲಿನ ವಿಷ ಕಮ್ಮಿ ಮಾಡುವ ಡಬ್ಬಿ. ಅದರೊಳಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಇರುವುದರಿಂದ ಕಳ್ಳರಿಗೆ ಅದರ ಮೇಲೇ ಕಣ್ಣು. ಹಳೇ ಟೊಯೋಟಾ ಪ್ರಿಯಸ್‌ನಂಥ ಹೈಬ್ರಿಡ್ ಕಾರುಗಳ ಅಡಿಯಿಂದ ನಿಮಿಷಗಳಲ್ಲಿ ಕೊಯ್ದುಕೊಂಡು ಹೋಗುತ್ತಾರೆ. ಕಳೆದುಕೊಂಡ ಕೆಲವರು ಆ ಜಾಗಕ್ಕೆ ಖಾಲಿ ಪೈಪ್ ಕೂರಿಸಿ ಕಾರು ಮಾರಿಬಿಡುತ್ತಾರೆ. ಕೊಳ್ಳುವ ಮುಂಚೆ ಮೊಬೈಲ್ ಟಾರ್ಚ್ ಹಿಡಿದು ಕಾರಿನಡಿ ಬಗ್ಗಿ ನೋಡಿ. ಉಳಿದ ಪೈಪೆಲ್ಲ ತುಕ್ಕು ಹಿಡಿದು ಕಂದಾಗಿರುವಾಗ ನಡುವೆ ಒಂದು ತುಂಡು ಮಾತ್ರ ಫಳಫಳ ಹೊಳೆಯುತ್ತಿದ್ದರೆ, ಅದರ ಎರಡು ತುದಿಯಲ್ಲಿ ಒರಟು ವೆಲ್ಡಿಂಗ್ ಇದ್ದರೆ, ಬಿಲ್ ಕೇಳಿ. ಸ್ಟಾರ್ಟ್ ಮಾಡಿದ ಕೂಡಲೇ ಟ್ರ್ಯಾಕ್ಟರ್ ಸದ್ದು ಬಂದರೆ ಕೇಳುವುದೂ ಬೇಡ, ವಾಪಸ್ ಬನ್ನಿ. ಕಾರಿನ ನಂಬರ್ ಹಾಕಿದರೆ ಸರ್ಕಾರಿ ವೆಬ್‌ಸೈಟಿನಲ್ಲಿ ಹಳೇ ಎಂಒಟಿ ಚರಿತ್ರೆ ಪುಕ್ಕಟೆ ಸಿಗುತ್ತದೆ. ಎಕ್ಸಾಸ್ಟ್ ಬಗ್ಗೆ ಪರೀಕ್ಷಕ ಹಿಂದಿನ ವರ್ಷಗಳಲ್ಲಿ ಬರೆದದ್ದೆಲ್ಲ ಅದರಲ್ಲಿರುತ್ತದೆ.

ಪೊಲೀಸರಿಗಿಂತ ದೊಡ್ಡ ಪೆಟ್ಟು ಇನ್ಶೂರೆನ್ಸ್‌ನಿಂದ ಬೀಳುತ್ತದೆ. ಕಾರಿನಲ್ಲಿ ಏನೇ ಬದಲಾಯಿಸಿದ್ದರೂ ಅವರಿಗೆ ಹೇಳಬೇಕು. ಸದ್ದು ಏರದ, ಪೂರ್ತಿ ಕಾನೂನುಬದ್ಧ ಸ್ಟೀಲ್ ಎಕ್ಸಾಸ್ಟ್ ಆದರೂ ಹೇಳಬೇಕು. ಹಿಂದಿನ ಮಾಲೀಕ ಹಾಕಿಸಿದ್ದು ನಿಮಗೆ ಗೊತ್ತಿದ್ದರೆ ಅದನ್ನೂ. ಮುಚ್ಚಿಟ್ಟು ಅಪಘಾತವಾದರೆ ಕ್ಲೇಮ್ ತಿರಸ್ಕರಿಸಬಹುದು, ಪಾಲಿಸಿಯನ್ನೇ ರದ್ದು ಮಾಡಬಹುದು. ಒಮ್ಮೆ ರದ್ದಾದರೆ ಮುಂದಿನ ಕಂಪನಿಗಳೂ "ಹಿಂದೆ ರದ್ದಾಗಿತ್ತಾ?" ಅಂತ ಕೇಳುತ್ತವೆ, ಕಂತು ಗಗನಕ್ಕೇರುತ್ತದೆ. ಇನ್ಶೂರೆನ್ಸ್ ಇಲ್ಲದೆ ಓಡಿಸಿದ್ದಕ್ಕೆ 300 ಪೌಂಡ್ ದಂಡ, ಲೈಸೆನ್ಸಿನ ಮೇಲೆ ತಪ್ಪಿನ ಲೆಕ್ಕಕ್ಕೆ 6 ಪಾಯಿಂಟ್. ಅಲ್ಲಿ ಟೆಸ್ಟ್ ಪಾಸಾಗಿ ಎರಡು ವರ್ಷದೊಳಗೆ 6 ಪಾಯಿಂಟ್ ಬಿದ್ದರೆ ಲೈಸೆನ್ಸೇ ಹೋಯಿತು, ಮತ್ತೆ ಕಲಿಕೆಯಿಂದ ಶುರು. ಊರಿನ ಲೈಸೆನ್ಸಿನಲ್ಲಿ ಒಂದು ವರ್ಷ ಓಡಿಸಿ ಆಮೇಲೆ ಅಲ್ಲಿನ ಟೆಸ್ಟ್ ಕೊಡುವ ನಮ್ಮವರೆಲ್ಲ ಈ ಲೆಕ್ಕದೊಳಗೇ ಬರುತ್ತಾರೆ. ಇನ್ಶೂರೆನ್ಸ್‌ನವರಿಗೆ ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ, ಇಮೇಲ್‌ನಲ್ಲಿ ಉತ್ತರ ತರಿಸಿಕೊಳ್ಳಿ.

ಬುಲೆಟ್ ಪ್ರಿಯರಿಗೂ ಒಂದು ಮಾತು. ಅಲ್ಲಿ ಬೈಕ್ ಸೈಲೆನ್ಸರ್ ಮೇಲೆ "ನಾಟ್ ಫಾರ್ ರೋಡ್ ಯೂಸ್" ಅಂತ ಅಚ್ಚಿದ್ದರೆ ಎಂಒಟಿ ಫೇಲ್. ಅದನ್ನು ರೇಸ್ ಟ್ರ್ಯಾಕಿಗೆ ಒಯ್ಯುತ್ತೀನಿ ಅಂದರೆ ಮೊದಲು ಆ ಟ್ರ್ಯಾಕಿನ ಶಬ್ದದ ಮಿತಿ ಎಷ್ಟು ಅಂತ ಕೇಳಿಕೊಳ್ಳಿ. ಗೇಟಿನ ಹತ್ತಿರ ಮೀಟರ್ ಹಿಡಿದು ಅಳೆಯುವುದು ಅಲ್ಲಿಯೇ!